ಆಲ್‌ಫ್ರಿಸ್ಟನ್ ಪಾದ್ರಿ ಮನೆ: 1:20 ಮಾದರಿ, ಚಾಕ್ ನೆಲ ಮತ್ತು ಮಜ್ಜಿಗೆ ಸಮೇತ

ಮಾದರಿ ಮುಕ್ಕಾಲು ಪಾಲು ಮುಗಿದಿದೆ. ಮರದ ಚೌಕಟ್ಟು ನಿಂತಿದೆ. ನೆಲ ಗಟ್ಟಿಯಾಗಿದೆ. ಗೋಡೆಗೆ ಮಣ್ಣು ಮೆತ್ತಿ ಸುಣ್ಣ ಹೊಡೆದಾಗಿದೆ. ಹುಲ್ಲಿನ ಮಾಡು ಮಾತ್ರ ಒಂದು ಮೂಲೆಯಲ್ಲಿ ಸಿಕ್ಕಿಕೊಂಡಿದೆ. ಅದೂ ಮುಗಿಯಲಿ ಅಂತ ಕೂತರೆ ಇಲ್ಲಿವರೆಗಿನ ಅಳತೆ, ಮಿಶ್ರಣ ಎಲ್ಲ ಮರೆತುಹೋಗುತ್ತದೆ. ಅದಕ್ಕೇ ಈಗಲೇ ಬರೆದಿಡುತ್ತಿದ್ದೇನೆ.

ಮೂಲ ಮನೆ ಇರುವುದು ಇಂಗ್ಲೆಂಡಿನ ಪೂರ್ವ ಸಸೆಕ್ಸ್‌ನ ಆಲ್‌ಫ್ರಿಸ್ಟನ್ ಎಂಬ ಹಳ್ಳಿಯಲ್ಲಿ. ಪಕ್ಕದಲ್ಲೇ ಕಕ್‌ಮಿಯರ್ ನದಿ, ಮಗ್ಗುಲಲ್ಲೇ ಸೇಂಟ್ ಆಂಡ್ರೂಸ್ ಚರ್ಚು. ಮನೆ 14ನೇ ಶತಮಾನದ್ದು. ಓಕ್ ಮರದ ಚೌಕಟ್ಟು, ಮಣ್ಣು ಮೆತ್ತಿದ ಗೋಡೆ, ಹುಲ್ಲಿನ ಮಾಡು. 19ನೇ ಶತಮಾನದ ಕೊನೆಗೆ ಬೀಳುವ ಹಾಗಾಗಿತ್ತು. ಕೆಡವಿಬಿಡೋಣ ಎನ್ನುವ ಮಾತೂ ಬಂದಿತ್ತು. ಆಗ ಅಲ್ಲಿನ ವಿಕಾರ್, ಅಂದರೆ ಚರ್ಚಿನ ಪಾದ್ರಿ, ಆಗಿದ್ದ ಎಫ್. ಡಬ್ಲ್ಯೂ. ಬೇನನ್ ಇದನ್ನು ಉಳಿಸಲು ಓಡಾಡಿದರು. 1896ರಲ್ಲಿ ಹಳೇ ಕಟ್ಟಡ, ಜಾಗಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಇದನ್ನು 10 ಪೌಂಡಿಗೆ ಕೊಂಡುಕೊಂಡಿತು. ಟ್ರಸ್ಟ್ ಹುಟ್ಟಿದ್ದೇ ಅದರ ಹಿಂದಿನ ವರ್ಷ. ಅದು ಕೊಂಡ ಮೊಟ್ಟಮೊದಲ ಕಟ್ಟಡ ಇದು.

ನಾನು ಈಸ್ಟ್‌ಬೋರ್ನ್‌ನಲ್ಲಿರುವುದರಿಂದ ಹೋಗಿ ನೋಡಿ ಬರುವುದು ಸುಲಭ. ಆದರೆ ಇದು ಆ ಮನೆಯನ್ನು ಇಂಚು ಇಂಚು ಅಳೆದು ಮಾಡಿದ ನಕಲಲ್ಲ. ಆ ಜಾತಿಯ ಮನೆಗೆ 'ವೀಲ್ಡನ್' ಮನೆ ಅನ್ನುತ್ತಾರೆ. ಕೆಂಟ್, ಸಸೆಕ್ಸ್ ಕಡೆ ಜಾಸ್ತಿ. ಅದರ ಸಾಮಾನ್ಯ ಅಳತೆ ಇಟ್ಟುಕೊಂಡು, ಜೋಡಣೆ ಹೇಗೆ ಅಂತ ಕೈಯಿಂದಲೇ ತಿಳಿಯೋಣ ಎಂದು ಮಾಡಿದ್ದು. ನನಗೆ ಬೇಕಾಗಿದ್ದು ಒಂದೇ ಪ್ರಶ್ನೆಗೆ ಉತ್ತರ. ಈ ಮನೆಗಳ ಮುಂಭಾಗದಲ್ಲಿ ನಡುವಿನ ಗೋಡೆ ಮಾತ್ರ ಒಳಕ್ಕೆ ಸರಿದಿರುತ್ತದೆ, ಅದರ ಮುಂದೆ ಸೂರಿನ ಕೆಳಗೆ ಒಂದು ತೊಲೆ ಗಾಳಿಯಲ್ಲಿ ನಿಂತಿರುತ್ತದೆ. ಯಾಕೆ?

ಹಂತ 1: ಅಳತೆ, ಮರ

ಸ್ಕೇಲ್ 1:20. ಇನ್ನೂ ದೊಡ್ಡದು ಮಾಡಿದ್ದರೆ ಉಳಿ ಆಡಿಸಲು ಸಲೀಸು, ಆದರೆ ಮೇಜಿನ ಮೇಲೆ ಹಿಡಿಸುವುದಿಲ್ಲ.

ಉದ್ದ 670 ಮಿ.ಮೀ., ಅಗಲ 300. ನೆಲದಿಂದ ಸೂರಿನ ತೊಲೆಗೆ 225. ಮಾಡಿನ ಇಳಿಜಾರು 50 ಡಿಗ್ರಿ. ಹುಲ್ಲಿಗೆ ಅಷ್ಟಾದರೂ ಕಡಿದು ಇರಬೇಕು, ಇಲ್ಲದಿದ್ದರೆ ನೀರು ಕೆಳಗಿಳಿಯದೆ ಒಳಗಿಳಿಯುತ್ತದೆ. ನಾಲ್ಕು ಅಂಕಣ. ನಡುವಿನ ಎರಡು ಸೇರಿ ಹಾಲ್, ಒಂದೊಂದು 160 ಮಿ.ಮೀ. ಎರಡು ತುದಿಯವು 175. ಹಾಲ್‌ಗೆ ಅಟ್ಟವಿಲ್ಲ, ನೆಲದಿಂದ ಮಾಡಿನವರೆಗೆ ಖಾಲಿ. ತುದಿಗಳಿಗೆ ಮಾತ್ರ ಮೇಲಂತಸ್ತು. ಆ ಮೇಲಂತಸ್ತು ಮುಂದಕ್ಕೆ 25 ಮಿ.ಮೀ. ಚಾಚಿದೆ, ಅಂದರೆ ನಿಜದಲ್ಲಿ ಅರ್ಧ ಮೀಟರ್.

ಕಂಬ 12×12. ಅಡ್ಡತೊಲೆ 12×15. ಸೂರಿನ ತೊಲೆ 12×10. ಪಕಾಸಿ 6×5, ಅಗಲದ ಮೈ ಕೆಳಗೆ ಮಾಡಿ ಮಲಗಿಸಿದ್ದು. ಹಳೇ ಇಂಗ್ಲಿಷ್ ಮಾಡುಗಳಲ್ಲಿ ಹಾಗೇ ಇರುತ್ತದೆ.

ಮರ: ಪೀಠೋಪಕರಣ ಮಾಡುವವರ ಹತ್ತಿರ ಓಕ್ ತುಂಡು ಸಿಕ್ಕಿತು, 14 ಪೌಂಡ್. ಕಂಬ, ತೊಲೆಗಳಿಗೆ ಪರವಾಗಿಲ್ಲ. ಪಕಾಸಿಗೆ ಆಗಲಿಲ್ಲ. ಓಕ್‌ನ ಎಳೆ ಒರಟು. ಇನ್ನೊಂದು ಮರದ ತೂತಿಗೆ ಕೂರಿಸುವ 2 ಮಿ.ಮೀ. ನಾಲಿಗೆ ಕತ್ತರಿಸಿದರೆ ಬಿಸ್ಕತ್ತಿನ ಹಾಗೆ ಪುಡಿಯಾಗುತ್ತದೆ. ಸಣ್ಣ ತುಂಡುಗಳಿಗೆಲ್ಲ ಬೀಚ್ ಅನ್ನುವ ನಯವಾದ ಎಳೆಯ ಮರ ಹಾಕಿದೆ, 9 ಪೌಂಡ್.

ಎರಡು ಮರದ ಬಣ್ಣ ಒಂದೇ ಥರ ಕಾಣಬೇಕಲ್ಲ. ತುಕ್ಕು ಹಿಡಿದ ಮೊಳೆಗಳನ್ನು ವಿನೆಗರ್‌ನಲ್ಲಿ ವಾರ ನೆನೆಸಿಟ್ಟು ಹಚ್ಚಿದೆ. ಓಕ್ ನೋಡನೋಡುತ್ತಲೇ ಶಾಯಿಯ ಹಾಗೆ ಕರಿನೀಲಿ ಆಯಿತು. ಬೀಚ್ ಅಲುಗಲೇ ಇಲ್ಲ. ಕೊನೆಗೆ ಕೂತ ಲೆಕ್ಕ ಇದು: ಓಕ್‌ಗೆ ವಿನೆಗರ್ 1, ನೀರು 10. ಬೀಚ್‌ಗೆ ಮೊದಲು ಕಡು ಚಹಾ, ಅದು ಒಣಗಿದ ಮೇಲೆ ನೀರು ಬೆರೆಸದ ವಿನೆಗರ್. ಎರಡೂ ಬೂದು ಬಣ್ಣಕ್ಕೆ ಬಂದವು. ಕಪ್ಪು ಬಳಿಯಲಿಲ್ಲ. ಇಂಗ್ಲಿಷ್ ಹಳೇ ಮನೆ ಅಂದರೆ ಕಪ್ಪು ಮರ, ಬಿಳಿ ಗೋಡೆ ಅಂತ ಚಿತ್ರಗಳಲ್ಲಿ ನೋಡಿರುತ್ತೇವೆ. ಆ ಕಪ್ಪು ಬಹುಪಾಲು 19ನೇ ಶತಮಾನದ ಶೋಕಿ. ಓಕ್‌ಅನ್ನು ಅದರ ಪಾಡಿಗೆ ಬಿಟ್ಟರೆ ಬೂದಿ ಬಣ್ಣಕ್ಕೇ ತಿರುಗುವುದು.

ಹಂತ 2: ಮೂರು ಮರ ಕೂಡುವ ಜಾಗ

ಇಡೀ ಕೆಲಸದಲ್ಲಿ ಕೈಗೆ ಜಾಸ್ತಿ ಕಷ್ಟ ಕೊಟ್ಟಿದ್ದು ಇದೇ. ಕಂಬದ ತಲೆಯ ಮೇಲೆ ಸೂರಿನ ತೊಲೆ ಉದ್ದಕ್ಕೆ ಹೋಗುತ್ತದೆ. ಅದೇ ಜಾಗದಲ್ಲಿ ಅಡ್ಡತೊಲೆ ಅಗಲಕ್ಕೆ ಬರುತ್ತದೆ. ಮೂರೂ ಒಂದೇ ಬಿಂದುವಿನಲ್ಲಿ ಕೂರಬೇಕು.

ಹಳೇ ಬಡಗಿಗಳು ಕಂಬವನ್ನು ತಲೆಕೆಳಗು ಮಾಡಿ ನಿಲ್ಲಿಸುತ್ತಿದ್ದರು. ಮರದ ಬುಡದ ದಪ್ಪ ಭಾಗ ಮೇಲೆ ಬರುತ್ತದೆ. ಆ ದಪ್ಪ ತಲೆಯಲ್ಲಿ ಎರಡು ನಾಲಿಗೆ. ಹೊರಗಿನದು ಸೂರಿನ ತೊಲೆಯ ಒಳಗೆ ಹೋಗುತ್ತದೆ. ಒಳಗಿನದು ಇನ್ನೂ ಎತ್ತರ, ಅದು ಅಡ್ಡತೊಲೆಯ ಹೊಟ್ಟೆಯೊಳಗೆ ಹೋಗುತ್ತದೆ. ಅಡ್ಡತೊಲೆಯ ಕೆಳಮೈಯಲ್ಲಿ ಪಾರಿವಾಳದ ಬಾಲದ ಆಕಾರ ಕಡಿದಿರುತ್ತದೆ. ಅದು ಸೂರಿನ ತೊಲೆಯನ್ನು ಕಚ್ಚಿ ಹಿಡಿಯುತ್ತದೆ. ಮಾಡು ಗೋಡೆಯನ್ನು ಹೊರಕ್ಕೆ ತಳ್ಳಿದಷ್ಟೂ ಕಚ್ಚುವುದು ಬಿಗಿ.

ಉಪಕರಣ: ಎಳೆದು ಕೊಯ್ಯುವ ಜಪಾನೀ ಗರಗಸ, 22 ಪೌಂಡ್. 3 ಮಿ.ಮೀ. ಉಳಿ, 11 ಪೌಂಡ್. ಕೈಯಲ್ಲಿ ತಿರುಗಿಸುವ ಸಣ್ಣ ಬೈರಿಗೆ ಮನೆಯಲ್ಲೇ ಇತ್ತು. 1.5 ಮಿ.ಮೀ. ಬಿಟ್ ಬೇಗ ಮುರಿಯುತ್ತದೆ, ಒಂದು ಪೊಟ್ಟಣ ತಂದಿಟ್ಟುಕೊಳ್ಳಿ.

ದಪ್ಪ ತಲೆಗಾಗಿ 12 ಮಿ.ಮೀ. ಕಂಬಕ್ಕೆ ಬೇರೆ ತುಂಡು ಅಂಟಿಸಿ ನೋಡಿದೆ. ಉಳಿ ಇಟ್ಟ ಕೂಡಲೇ ಅಂಟಿನ ಗೆರೆಯಲ್ಲೇ ಬಿಟ್ಟುಕೊಂಡಿತು. ಆಮೇಲೆ 20 ಮಿ.ಮೀ. ಅಗಲದ ಪಟ್ಟಿಯಿಂದಲೇ ಇಡೀ ಕಂಬ ಕೊಯ್ದು, ಕೆಳಗೆ ಸಣ್ಣ ಮಾಡಿಕೊಂಡು ಬಂದೆ. ಮರ ಪೋಲಾಯಿತು, ಕಂಬ ನಿಂತಿತು.

ಗೂಟಗಳಿಗೆ ಬಿದಿರು. ಅಡುಗೆಮನೆಯ ಸ್ಕೀವರ್ ಕಡ್ಡಿ ಸೀಳಿ, ಉಕ್ಕಿನ ತಗಡಿನಲ್ಲಿ 1.5 ಮಿ.ಮೀ. ತೂತು ಕೊರೆದು, ಅದರ ಮೂಲಕ ಸುತ್ತಿಗೆಯಿಂದ ಹೊಡೆದು ದಾಟಿಸಿದರೆ ದುಂಡನೆಯ ಗೂಟ ಸಿಗುತ್ತದೆ. ತೂತುಗಳನ್ನು ನೇರ ಕೊರೆಯುವ ಹಾಗಿಲ್ಲ. ನಾಲಿಗೆಯ ತೂತು ಹೆಗಲಿನ ಕಡೆಗೆ, ಅಂದರೆ ನಾಲಿಗೆಯ ಬುಡದ ಕಡೆಗೆ, ಒಂಚೂರು ಸರಿದಿರಬೇಕು. ಗೂಟ ಹೊಡೆದಾಗ ಅದು ಎರಡು ಮರವನ್ನೂ ಎಳೆದು ಬಿಗಿ ಮಾಡುತ್ತದೆ. ನಾನು ಅರ್ಧ ಮಿ.ಮೀ. ಸರಿಸಿದಾಗ ಬಿದಿರೇ ಮುರಿಯಿತು. 0.3 ಸರಿಹೋಯಿತು. ಅಂಟು ಹಾಕಿಲ್ಲ.

ಹಿಂಬದಿಯ ಒಂದು ಕಂಬದ ತಲೆ ಸೀಳಿತು. ಹೊಸ ಕಂಬ ಮಾಡುವ ಬದಲು ಸೀಳಿದ ಭಾಗ ಓರೆಯಾಗಿ ಕತ್ತರಿಸಿ, ಅದೇ ಓರೆಗೆ ಹೊಸ ತುಂಡು ಕೂರಿಸಿ, ಗೂಟ ಹೊಡೆದೆ. ಮೂಲ ಮನೆಯ ರಿಪೇರಿಯೂ ಇದೇ ಹಾದಿಯದು. ವಿಲಿಯಂ ಮಾರಿಸ್ ಮತ್ತು ಗೆಳೆಯರು 1877ರಲ್ಲಿ ಹಳೇ ಕಟ್ಟಡಗಳ ರಕ್ಷಣೆಗೆ ಸಂಘ ಕಟ್ಟಿದರು. ಹೊಸದಾಗಿ ಕಾಣುವ ಹಾಗೆ ಮಾಡಬೇಡಿ, ಕೆಟ್ಟಷ್ಟನ್ನು ಮಾತ್ರ ಸರಿಮಾಡಿ, ಅದು ಅವರ ಪಟ್ಟು. ಆಲ್‌ಫ್ರಿಸ್ಟನ್ ಮನೆಯ ಕೆಲಸ ನೋಡಿಕೊಂಡ ಆಲ್ಫ್ರೆಡ್ ಪೊವೆಲ್ ಆ ಬಳಗದವರು. ನನ್ನ ತೇಪೆ ಕಣ್ಣಿಗೆ ಕಾಣುತ್ತದೆ. ಕಾಣಲಿ ಬಿಡಿ.

ಹಂತ 3: ನಿಲ್ಲಿಸುವ ಕ್ರಮ

ಎರಡು ಕಂಬ, ಮೇಲೊಂದು ಅಡ್ಡತೊಲೆ, ಹೀಗೆ ಬಾಗಿಲ ಚೌಕಟ್ಟಿನಂತೆ ಒಂದೊಂದೇ ಜೋಡಿಸಿ ಸಾಲಾಗಿ ನಿಲ್ಲಿಸುವುದು ಸುಲಭ ಅನಿಸುತ್ತದೆ. ಆದರೆ ಆಗುವುದಿಲ್ಲ. ಸೂರಿನ ತೊಲೆ ಇರಬೇಕಾದ್ದು ಅಡ್ಡತೊಲೆಯ ಕೆಳಗೆ. ಅಡ್ಡತೊಲೆ ಕೂತ ಮೇಲೆ ಅದನ್ನು ತೂರಿಸಲು ಜಾಗವೇ ಇಲ್ಲ. ಗೂಟಗಳನ್ನೆಲ್ಲ ಕೊರೆದು ತೆಗೆಯಬೇಕಾಯಿತು. ಅಂಟು ಹಾಕದೆ ಇದ್ದದ್ದು ಒಳ್ಳೆಯದಾಯಿತು.

ಸರಿಯಾದ ಕ್ರಮ: ಮೊದಲು ಎರಡು ಉದ್ದ ಗೋಡೆಗಳ ಕಂಬ. ಅವುಗಳ ಮೇಲೆ ಸೂರಿನ ತೊಲೆ. ಅದಾದ ಮೇಲೆ ಮೇಲಿನಿಂದ ಅಡ್ಡತೊಲೆ ಇಳಿಸುವುದು. ಒಂದು ಸಲ ಹೀಗೆ ಮಾಡಿದರೆ ಬೇರೆ ದಾರಿಯೇ ಇಲ್ಲ ಅಂತ ಗೊತ್ತಾಗುತ್ತದೆ.

ತುಂಡುಗಳಿಗೆ ಗುರುತು ಹಾಕಲೇಬೇಕು. ಪೆನ್ಸಿಲ್ ಗುರುತು ವಿನೆಗರ್ ಹಚ್ಚಿದಾಗ ಮಾಯವಾಯಿತು. ಹಳೇ ಬಡಗಿಗಳ ಹಾಗೇ ರೋಮನ್ ಅಂಕಿಯನ್ನು ಚಾಕುವಿನಿಂದ ಗೀರಿದೆ. ಅವರು ಮರವನ್ನೆಲ್ಲ ಒಂದು ಕಡೆ ಕಡಿದು, ಜೋಡಿಸಿ ನೋಡಿ, ಬಿಚ್ಚಿ, ಗಾಡಿಯಲ್ಲಿ ಮನೆ ಕಟ್ಟುವ ಜಾಗಕ್ಕೆ ಸಾಗಿಸುತ್ತಿದ್ದರು. ನಾಲ್ಕು ಅನ್ನಲು ನಾಲ್ಕು ಗೀರನ್ನೇ ಎಳೆಯುತ್ತಿದ್ದದ್ದು ಜಾಸ್ತಿ. ಮರ ತಲೆಕೆಳಗಾದರೆ ನಾಲ್ಕು ಆರಾಗಬಾರದಲ್ಲ!

ಹಂತ 4: ಗಾಳಿಯಲ್ಲಿ ನಿಂತ ತೊಲೆ

ನನ್ನ ಪ್ರಶ್ನೆಗೆ ಉತ್ತರ ಇಲ್ಲಿ ಸಿಕ್ಕಿತು. ನಡುವಿನ ಗೋಡೆಯನ್ನು ಯಾರೂ ಒಳಕ್ಕೆ ತಳ್ಳಿಲ್ಲ. ಅದು ಇರಬೇಕಾದ ಜಾಗದಲ್ಲೇ ಇದೆ. ಎರಡು ತುದಿಗಳ ಮೇಲಂತಸ್ತು ಮುಂದಕ್ಕೆ ಚಾಚಿಕೊಂಡಿದೆ ಅಷ್ಟೇ. ಹಾಲ್‌ಗೆ ಮೇಲಂತಸ್ತು ಇಲ್ಲ, ಹಾಗಾಗಿ ಚಾಚಲು ಜಂತೆಯೂ ಇಲ್ಲ. ಮಾಡು ಮಾತ್ರ ಇಡೀ ಮನೆಗೆ ಒಂದೇ. ಅದರ ಸೂರು ನೇರವಾಗಿ ಹೋಗಬೇಕಾದರೆ, ನಡುವಿನ 320 ಮಿ.ಮೀ. ಉದ್ದಕ್ಕೆ ತೊಲೆಯ ಕೆಳಗೆ ಗೋಡೆ ಇರುವುದಿಲ್ಲ.

ಅಡ್ಡತೊಲೆ ಇಳಿಸುವ ಮುಂಚೆ ಆ ತೊಲೆಯನ್ನು ಬೆರಳಿಂದ ಒತ್ತಿದರೆ ಬಾಗುತ್ತಿತ್ತು. ಮೇಲೆ ಪಕಾಸಿಗಳ ಕಾಲು ಬೇರೆ ಹೊರಕ್ಕೆ ಒದೆಯುತ್ತವೆ. ಹಾಗಾಗಿ ಎರಡೂ ಕಡೆಯಿಂದ ಬಾಗಿದ ಆಸರೆ ಬೇಕು. ಈ ಮನೆಗಳ ಮುಖಕ್ಕೆ ಅಂದ ಕೊಡುವುದೂ ಆ ಆಸರೆಗಳೇ.

ಬೀಚ್ ಪಟ್ಟಿಯನ್ನು ಕೆಟಲ್‌ನ ಹಬೆಯಲ್ಲಿ ಹಿಡಿದು, ಡಬ್ಬದ ಸುತ್ತ ಕಟ್ಟಿ ಬಾಗಿಸಿದೆ. ಬಿಚ್ಚಿದ ಮೇಲೆ ನಿಧಾನಕ್ಕೆ ಮತ್ತೆ ನೆಟ್ಟಗಾಯಿತು. ದಪ್ಪ ಪಟ್ಟಿ ತೆಗೆದುಕೊಂಡರೆ ಹೊರಮೈ ಬಿರಿಯಿತು. ನೇರ ಹಲಗೆಯಿಂದ ಬಾಗಿದ ಆಕಾರ ಕೊಯ್ದು ನೋಡಿದೆ. ಎಳೆ ಅಡ್ಡ ಬಂದ ಜಾಗದಲ್ಲಿ ಕಳಕ್ ಅಂತ ಮುರಿಯಿತು.

ನಿಜವಾದ ಮನೆಗಳಲ್ಲಿ ಆಸರೆಗೆ ಬಾಗಿ ಬೆಳೆದ ಮರವನ್ನೇ ಹುಡುಕಿ ತರುತ್ತಿದ್ದರು. ಹಿತ್ತಲಿನ ಸೇಬಿನ ಮರ ಸವರಿದಾಗ ಉಳಿದ ಕೊಂಬೆಗಳು ಶೆಡ್‌ನಲ್ಲಿ ಒಣಗಿ ಬಿದ್ದಿದ್ದವು. ಬೇಕಾದ ಬಾಗು ಇರುವ ಒಂದು ಕೊಂಬೆ ಆರಿಸಿ, ಚಾಕುವಿನಿಂದ ಉದ್ದಕ್ಕೆ ಎರಡು ಸೀಳು ಮಾಡಿದೆ. ಒಂದೇ ಬಾಗಿನ ಎರಡು ತುಂಡು ಸಿಕ್ಕಿತು, ಒಂದು ಎಡಕ್ಕೆ, ಒಂದು ಬಲಕ್ಕೆ. ಕನ್ನಡಿಯಲ್ಲಿ ನೋಡಿದ ಹಾಗೆ ಜೋಡಿ. ಖರ್ಚಿಲ್ಲ. ಈಗ ತೊಲೆಯ ಮೇಲೆ ಮೊಣಕೈ ಊರಿದರೂ ಜಪ್ಪಯ್ಯ ಅನ್ನುವುದಿಲ್ಲ.

ಹಂತ 5: ಮಾಡಿನ ಚೌಕಟ್ಟು

ನಮ್ಮ ಕಡೆ ಮಾಡು ಅಂದರೆ ನೆತ್ತಿಯ ಮೇಲೆ ಒಂದು ಉದ್ದ ತೊಲೆ ಇರುತ್ತದೆ, ಪಕಾಸಿಗಳು ಅದಕ್ಕೆ ಒರಗುತ್ತವೆ. ಇಲ್ಲಿ ನೆತ್ತಿಯಲ್ಲಿ ಏನೂ ಇಲ್ಲ. ಎದುರುಬದುರು ಪಕಾಸಿಗಳು ತುದಿಯಲ್ಲಿ ಒಂದರೊಳಗೊಂದು ಕೂತು ಗೂಟ ಹೊಡೆಸಿಕೊಳ್ಳುತ್ತವೆ. ಸ್ವಲ್ಪ ಕೆಳಗೆ ಎರಡನ್ನೂ ಕಟ್ಟುವ ಅಡ್ಡಪಟ್ಟಿ.

ಪ್ಲೈವುಡ್ ಮೇಲೆ ಮೊಳೆ ಹೊಡೆದು ಅಚ್ಚು ಮಾಡಿಕೊಂಡೆ. ಎಲ್ಲ ಜೋಡಿಗಳೂ ಅದರಲ್ಲೇ ತಯಾರಾದವು. ಒಂದು ಪಕಾಸಿ 233 ಮಿ.ಮೀ., ಜೋಡಿಯಿಂದ ಜೋಡಿಗೆ 25.

ಬರೀ ಪಕಾಸಿ ಸಾಲು ನಿಲ್ಲಿಸಿದಾಗ ಒಂದು ತುದಿಯಲ್ಲಿ ಕಿರುಬೆರಳಿಂದ ತಳ್ಳಿದರೂ ಇಡೀ ಸಾಲು ವಾಲುತ್ತಿತ್ತು. ಅದನ್ನು ತಡೆಯುವುದಕ್ಕೇ ನಡುಗಂಬ. ಹಾಲ್‌ನ ನಟ್ಟನಡುವಿನ ಅಡ್ಡತೊಲೆಯ ಮೇಲೆ ಒಂದು ಗಿಡ್ಡ ಕಂಬ. ಅದರ ತಲೆಯ ಮೇಲೆ ಮನೆಯ ಉದ್ದಕ್ಕೂ ಒಂದು ತೊಲೆ. ಆ ತೊಲೆ ಎಲ್ಲ ಅಡ್ಡಪಟ್ಟಿಗಳ ಹೊಟ್ಟೆಗೆ ತಾಗಿ ಹೋಗುತ್ತದೆ. ಗಿಡ್ಡ ಕಂಬದಿಂದ ನಾಲ್ಕು ದಿಕ್ಕಿಗೂ ಬಾಗಿದ ಆಸರೆ. ಅವನ್ನೂ ಸೇಬಿನ ಕೊಂಬೆಯಿಂದಲೇ ಮಾಡಿದೆ. ಕೂರಿಸಿದ ಮೇಲೆ ವಾಲುವುದು ನಿಂತಿತು. ಹಾಲ್‌ನಲ್ಲಿ ನಿಂತು ತಲೆ ಎತ್ತಿದರೆ ಮೊದಲು ಕಣ್ಣಿಗೆ ಬೀಳುವುದೂ ಇದೇ. ಉಳಿದ ಮರ ಬಹುಪಾಲು ಒರಟಾಗಿದ್ದರೂ ಇದನ್ನು ಅಂಚು ಕೆತ್ತಿ ನಯ ಮಾಡಿರುವುದು ಜಾಸ್ತಿ.

ಎರಡು ತುದಿಗಳಲ್ಲಿ ಮಾಡು ಮೂರನೇ ಕಡೆಗೂ ಇಳಿಯುತ್ತದೆ. ಅಲ್ಲಿನ ಗಿಡ್ಡ ಪಕಾಸಿಗಳ ಓರೆ ಕೋನವನ್ನು ಲೆಕ್ಕ ಹಾಕಿ ಕೊಯ್ದೆ. ಒಂದೂ ಕೂರಲಿಲ್ಲ. ನನ್ನ ಚೌಕಟ್ಟೇ ಆ ಮೂಲೆಯಲ್ಲಿ 3 ಮಿ.ಮೀ. ಸೊಟ್ಟ ಇತ್ತು. ಲೆಕ್ಕ ಬಿಟ್ಟು, ಜಾಗದಲ್ಲೇ ರಟ್ಟು ಹಿಡಿದು ಗೆರೆ ಎಳೆದು, ಅದರಂತೆ ಕೊಯ್ದ ಮೇಲೆ ಕೂತವು.

ಹಂತ 6: ನೆಲ

ಈ ಕೆಲಸಕ್ಕೆ ಕೈಹಾಕಿದ್ದೇ ನೆಲದ ಆಸೆಗೆ. ಆಲ್‌ಫ್ರಿಸ್ಟನ್ ಮನೆಯ ಹಾಲ್‌ನಲ್ಲಿ ಕಲ್ಲೂ ಇಲ್ಲ, ಹಲಗೆಯೂ ಇಲ್ಲ. ಅಲ್ಲಿನ ಗುಡ್ಡಗಳ ಬಿಳಿ ಚಾಕ್ ಕಲ್ಲನ್ನು ಕುಟ್ಟಿ, ದಿಮ್ಮಸು ಹೊಡೆದು, ಮೇಲೆ ಹುಳಿ ಹಾಲು ಸವರಿ ಮಾಡಿದ ನೆಲ. ಮಾದರಿಗೆ ಹಾಕುವ ಮುಂಚೆ ನಿಜವಾದ ದಪ್ಪದಲ್ಲೇ ಒಂದು ತುಂಡು ಮಾಡಿ ನೋಡೋಣ ಅಂತ 600×600 ಮಿ.ಮೀ. ಮರದ ತಟ್ಟೆ ಮಾಡಿದೆ, ಆಳ 100.

ಕಲ್ಲು: ಸಮುದ್ರದ ಬದಿಯ ಬಿಳಿ ಬಂಡೆಗಳ ಕೆಳಗೆ ರಾಶಿ ಬಿದ್ದಿರುತ್ತದೆ. ಅಲ್ಲಿಂದ ಎತ್ತಿಕೊಂಡು ಬರಬೇಡಿ. ಅದು ಸಂರಕ್ಷಿತ ಜಾಗ, ಮೇಲಿಂದ ಬಂಡೆಯೂ ಬೀಳುತ್ತಿರುತ್ತದೆ. ನೆರೆಯವರು ಮನೆಗೆ ಒಂದು ಕೋಣೆ ಸೇರಿಸಲು ಪಾಯ ತೋಡಿಸುತ್ತಿದ್ದರು. ಇಲ್ಲಿ ಎರಡಡಿ ತೋಡಿದರೆ ಚಾಕ್. ಕೇಳಿದೆ, ಬೇಕಾದಷ್ಟು ಒಯ್ಯಿ ಅಂದರು.

ದಿಮ್ಮಸು: 100×100 ಮರದ ತುಂಡು, ಮೇಲೆ ಗುದ್ದಲಿ ಹಿಡಿ. ಮುಕ್ಕಾಲು ಭಾಗ ಕಲ್ಲನ್ನು ಗೋಲಿ ಗಾತ್ರಕ್ಕೆ ಒಡೆದೆ, ಉಳಿದದ್ದು ಪುಡಿ.

ಮೊದಲ ಸಲ ನೀರು ಜಾಸ್ತಿ ಆಯಿತು. ದಿಮ್ಮಸು ಬಿದ್ದ ಕಡೆಯೆಲ್ಲ ಹಿಟ್ಟಿನಂತೆ ಮೆತ್ತಗಾಗಿ ಮರಕ್ಕೆ ಅಂಟಿ ಎದ್ದು ಬಂತು. ಹಾಗೇ ಒಣಗಲು ಬಿಟ್ಟೆ. ಬೆರಳು ತೂರುವಷ್ಟು ಬಿರುಕು. ಕಿತ್ತು ಹಾಕಿ, ಅದನ್ನೇ ಒಣಗಿಸಿ ಮತ್ತೆ ಕುಟ್ಟಿದೆ. ಈ ಸಲ ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಬೆರಳಿಗೆ ಒದ್ದೆ ಹತ್ತಬಾರದು, ಅಷ್ಟೇ ನೀರು. 40 ಮಿ.ಮೀ. ಹರಡಿ, 25ಕ್ಕೆ ಇಳಿಯುವ ತನಕ ಹೊಡೆಯುವುದು. ಹೀಗೆ ಮೂರು ಪದರ. ಮೊದಮೊದಲು ದಬ್ ದಬ್ ಅನ್ನುವ ಸದ್ದು ಗಟ್ಟಿಯಾದ ಮೇಲೆ ಟಣ್ ಅನ್ನತೊಡಗುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಇನ್ನೂ ಹೊಡೆದರೆ ಮೇಲ್ಮೈ ಚಕ್ಕೆ ಏಳುತ್ತದೆ.

ಇನ್ನು ಹಾಲು. ಅಂಗಡಿಯ ಹಾಲನ್ನು ಅಡುಗೆಮನೆ ಕಟ್ಟೆಯ ಮೇಲೆ ಬಿಟ್ಟೆ, ಹುಳಿಯಾಗಲಿ ಅಂತ. ಹುಳಿಯಾಗಲಿಲ್ಲ, ಕೊಳೆತು ನಾರಿತು. ಪಾಶ್ಚರೀಕರಿಸಿದ ಹಾಲು ತಾನಾಗಿ ಹುಳಿಯಾಗುವುದಿಲ್ಲ, ಅದರಲ್ಲಿ ಹುಳಿ ಮಾಡುವ ಜೀವವೇ ಉಳಿದಿರುವುದಿಲ್ಲ. ನಮಗೆ ಇದು ಹೊಸದೇ? ಉಗುರು ಬೆಚ್ಚಗೆ ಕಾಸಿ ಒಂದು ಚಮಚ ಹೆಪ್ಪು ಹಾಕಿದರೆ ಮುಗಿಯಿತು.

ಕೆನೆ ಹಾಲಿನ ಮೊಸರು ಕಡೆದು ಹಾಗೇ ಸವರಿದೆ. ಜಿಡ್ಡು ಮೇಲೇ ನಿಂತಿತು, ವಾರದೊಳಗೆ ಹಸಿರು ಬೂಷ್ಟು ಬಂತು, ಹಿತ್ತಲಲ್ಲಿ ನಿಲ್ಲುವ ಹಾಗಿರಲಿಲ್ಲ. ಆ ಪದರ ಕೆರೆದು ತೆಗೆದು, ಕೆನೆ ತೆಗೆದ ಹಾಲಿಗೆ ಹೆಪ್ಪು ಹಾಕಿ, ನೀರು ಮಜ್ಜಿಗೆ ಮಾಡಿ, ಬಟ್ಟೆಯಿಂದ ತೆಳ್ಳಗೆ ಸವರಿದೆ. ಪೂರ್ತಿ ಒಣಗಿದ ಮೇಲೆ ಇನ್ನೊಂದು ಕೈ. ಹೀಗೆ ಐದಾರು ಕೈ ಆದಮೇಲೆ ಮೈ ಮಿರುಗತೊಡಗಿತು. ಉಗುರಲ್ಲಿ ಗೀರಿದರೆ ಪುಡಿ ಏಳುವುದಿಲ್ಲ. ಒಂದು ಲೋಟ ನೀರು ಚೆಲ್ಲಿ ಬಟ್ಟೆಯಲ್ಲಿ ಒರೆಸಿಬಿಟ್ಟರೆ ಏನೂ ಆಗುವುದಿಲ್ಲ. ನೀರು ನಿಲ್ಲಲು ಬಿಟ್ಟರೆ ಮೆತ್ತಗಾಗುತ್ತದೆ. ವಾಸನೆ ಎರಡು ಮೂರು ದಿನದಲ್ಲಿ ಹೋಯಿತು.

ತಟ್ಟೆಯನ್ನು ಹೊರಗೇ ಬಿಟ್ಟಿದ್ದೆ. ಜನವರಿಯ ಹಿಮಕ್ಕೆ ಒಂದು ಅಂಚು ಪೂರ್ತಿ ಉಬ್ಬಿ ಎದ್ದಿತು, ಮುಟ್ಟಿದರೆ ಪದರ ಪದರವಾಗಿ ಬಿಚ್ಚುತ್ತಿತ್ತು. ಚಾಕ್ ನೀರು ಕುಡಿಯುತ್ತದೆ, ಒಳಗಿನ ನೀರು ಹೆಪ್ಪುಗಟ್ಟಿದರೆ ಒಡೆಯುತ್ತದೆ. ಮಾಡು ಸೋರದಿದ್ದರೆ ಮಾತ್ರ ಈ ನೆಲ. ಮಾಡು ಹೋದರೆ ನೆಲವೂ ಹೋಯಿತು.

ಮಾದರಿಯ ನೆಲಕ್ಕೆ ಚಾಕ್ ಪುಡಿಯನ್ನು ಚಹಾ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು, 5 ಮಿ.ಮೀ. ದಪ್ಪಕ್ಕೆ ಕಡ್ಡಿಯ ತುದಿಯಿಂದ ಕುಟ್ಟಿ, ಅದೇ ಮಜ್ಜಿಗೆ ಸವರಿದೆ. ಪ್ಲೈವುಡ್ ತಳ ತೇವಕ್ಕೆ ಬಾಗಬಾರದು ಅಂತ ಕೆಳಗೆ ವಾರ್ನಿಷ್ ಹಚ್ಚಿದ್ದೆ. ಒಂದೂ ಬಿರುಕಿಲ್ಲ.

ಹಂತ 7: ಗೋಡೆ

ಕಂಬಗಳ ನಡುವೆ ನೆಟ್ಟಗೆ ಕಡ್ಡಿ ನಿಲ್ಲಿಸಿ, ಅಡ್ಡಕ್ಕೆ ತೆಳು ಕಡ್ಡಿ ಹೆಣೆದು ತಟ್ಟಿ ಮಾಡುವುದು, ಅದಕ್ಕೆ ಮಣ್ಣು ಮೆತ್ತುವುದು. ನಿಜವಾದ ಮನೆಯಲ್ಲಿ ಹೇಜಲ್ ಗಿಡದ ಕಡ್ಡಿ. ನಾನು ಹಲ್ಲುಕಡ್ಡಿ ನಿಲ್ಲಿಸಿ, ಬರ್ಚ್ ಪೊರಕೆಯ ತುದಿಯ ಎಳೆಗಳನ್ನು ರಾತ್ರಿ ನೆನೆಸಿ ಹೆಣೆದೆ. ಒಣ ಕಡ್ಡಿ ತಿರುವಿನಲ್ಲಿ ಮುರಿಯುತ್ತದೆ.

ಮಣ್ಣಿನ ಮಿಶ್ರಣಗಳು: ಬರೀ ಜೇಡಿಮಣ್ಣು ಒಣಗಿ ಕುಗ್ಗಿ, ಸುತ್ತಲೂ ಬೆಳಕು ಕಾಣುವಷ್ಟು ಬಿಟ್ಟುಕೊಂಡಿತು. ಜೇಡಿ 1, ಮರಳು 3 ಹಾಕಿದಾಗ ಕುಗ್ಗಲಿಲ್ಲ, ಬದಲಿಗೆ ಉದುರಿತು. ಜೇಡಿ 1, ಚಾಕ್ ಪುಡಿ ಒಂದೂವರೆ, ಸಗಣಿ ಅರ್ಧ, ಸಣ್ಣಗೆ ಕತ್ತರಿಸಿದ ಒಣಹುಲ್ಲು ಒಂದು ಹಿಡಿ. ಇದು ನಿಂತಿತು.

ಸಗಣಿಯ ವಿಷಯಕ್ಕೆ ಊರಿಗೆ ಫೋನ್ ಮಾಡಿದ್ದೆ. "ಒಣಗಿದ್ದು ತಂದ್ಯಾ? ಅದು ಹಿಡಿಯಲ್ಲ ಕಣೋ, ಹಸೀದೇ ಬೇಕು. ಕಲಸಿ ಒಂದಿನ ಹಾಗೇ ಬಿಡು, ಆಮೇಲೆ ಮೆತ್ತು" ಅಂದರು ಅಮ್ಮ. ಹತ್ತಿರದ ಹಸು ಸಾಕುವವರ ಹತ್ತಿರ ಒಂದು ಬಕೆಟ್ ಕೇಳಿ ತಂದೆ. ಒಂದು ದಿನ ಬಿಟ್ಟ ಮಣ್ಣಿಗೆ ನಿಜಕ್ಕೂ ಅಂಟು ಬಂದಿತ್ತು. ಇಂಗ್ಲೆಂಡಿನ ಹಳೇ ಗೋಡೆಗಳಲ್ಲೂ ಸಗಣಿ ಇರುವುದರಿಂದ ಇದು ನಾವು ತೂರಿಸಿದ್ದಲ್ಲ.

ಮೆತ್ತುವಾಗ ಒಂದು ಕಡೆ ಮುಗಿಸಿ ಇನ್ನೊಂದು ಕಡೆಗೆ ಹೋಗಬೇಡಿ. ತಟ್ಟಿ ಹೊರಕ್ಕೆ ಉಬ್ಬುತ್ತದೆ. ಎರಡು ಹೆಬ್ಬೆರಳಿಂದ ಎರಡೂ ಕಡೆ ಒಟ್ಟಿಗೇ ಒತ್ತಿದರೆ ಮಣ್ಣು ಕಡ್ಡಿಗಳ ನಡುವೆ ಸೇರಿ ಒಂದಾಗುತ್ತದೆ.

ಒಂದು ಚೌಕಕ್ಕೆ ಸುಮ್ನೆ ಪರೀಕ್ಷೆಗೆ ಅಂತ ಸಿಮೆಂಟ್ ಹಾಕಿದೆ. ನೋಡಲು ಚೆಂದ. ಚಳಿಗಾಲದಲ್ಲಿ ಹೀಟರ್ ಹಾಕಿದಾಗ ಓಕ್ ಒಂಚೂರು ಕುಗ್ಗಿತು. ಮಣ್ಣಿನ ಚೌಕಗಳಲ್ಲಿ ಕೂದಲೆಳೆ ಬಿರುಕು, ಸುಣ್ಣದ ಇನ್ನೊಂದು ಕೈಗೆ ಮುಚ್ಚಿತು. ಸಿಮೆಂಟಿನ ಚೌಕ ಇಡಿಯಾಗಿ ಸಡಿಲವಾಗಿ ಮುಂದಕ್ಕೆ ಬಿತ್ತು, ಬೀಳುವಾಗ ಕಂಬದ ಅಂಚನ್ನೂ ಕಿತ್ತುಕೊಂಡಿತು. ಆ ಗಾಯ ಹಾಗೇ ಬಿಟ್ಟಿದ್ದೇನೆ.

ಸುಣ್ಣ: ನೆನೆಸಿದ ಸುಣ್ಣ ಒಂದು ಡಬ್ಬ, 16 ಪೌಂಡ್. ಗಟ್ಟಿಯಾಗಿ ಹೊಡೆದ ಕೈ ಹಪ್ಪಳದಂತೆ ಎದ್ದಿತು. ನೀರು ಹಾಲಿನಷ್ಟು ತೆಳ್ಳಗೆ ಮಾಡಿ ಪದೇ ಪದೇ ಹೊಡೆದದ್ದು ಹಿಡಿಯಿತು. ಹೊಡೆದ ಕೂಡಲೇ ಏನೂ ಕಾಣುವುದಿಲ್ಲ, ಒಣಗಿದ ಮೇಲೆ ಬೆಳ್ಳಗಾಗುತ್ತದೆ. ಕನ್ನಡಕ ಹಾಕಿಕೊಳ್ಳಿ.

ಕಿಟಕಿಗೆ ಗಾಜಿಲ್ಲ. ಚೌಕ ಕಡ್ಡಿಗಳನ್ನು ಮೂಲೆ ಮುಂದೆ ಮಾಡಿ ಸಾಲಾಗಿ ನಿಲ್ಲಿಸಿದ್ದು, ಒಳಗಿಂದ ಹಲಗೆ ಬಾಗಿಲು. ಹಾಲ್‌ನಲ್ಲಿ ಓಕ್ ಎಲೆಯ ಒಂದು ಪುಟ್ಟ ಕೆತ್ತನೆ ಇದೆ. ನ್ಯಾಷನಲ್ ಟ್ರಸ್ಟಿನ ಓಕ್ ಎಲೆ ಲಾಂಛನಕ್ಕೆ ಅದೇ ಸ್ಫೂರ್ತಿ ಇರಬಹುದು ಅಂತ ಹೇಳುವವರಿದ್ದಾರೆ. 1:20ರಲ್ಲಿ ಅದು ಸಾಸಿವೆ ಕಾಳಿನಷ್ಟಾಗುತ್ತದೆ. ಗೋಜಿಗೆ ಹೋಗಲಿಲ್ಲ.

ಹಂತ 8: ಹುಲ್ಲು, ಮತ್ತು ಸಿಕ್ಕಿಕೊಂಡ ಜಾಗ

ಹುಲ್ಲಿನ ಬದಲು ತೆಂಗಿನ ನಾರು, 8 ಪೌಂಡ್. ಅಂಟಿನಲ್ಲಿ ಅದ್ದಿ ಅಂಟಿಸಿದ ಸಾಲು ಒಂದಕ್ಕೊಂದು ಮೆತ್ತಿಕೊಂಡು ಜಡೆಗಟ್ಟಿತು. ಕಿತ್ತು ಹಾಕಿದೆ. ಈಗ ಸಣ್ಣ ಸಣ್ಣ ಕಟ್ಟು ಮಾಡಿ, ಸೂರಿನಿಂದ ಮೇಲಕ್ಕೆ ಸಾಲಾಗಿ, ರೀಪಿಗೆ ಸೂಜಿ ದಾರದಿಂದ ಹೊಲಿಯುತ್ತಿದ್ದೇನೆ. ಮುಂಭಾಗ, ಹಿಂಭಾಗ, ಎಡ ತುದಿ ಮುಗಿದಿವೆ. ಬಲ ತುದಿಯಲ್ಲಿ ಎರಡು ಇಳಿಜಾರು ಕೂಡುವ ಮೂಲೆಯಲ್ಲಿ ಕಟ್ಟುಗಳು ಬಿಚ್ಚಿಕೊಂಡು ರೀಪು ಕಾಣುತ್ತಿದೆ. ಅಲ್ಲೇ ಚೌಕಟ್ಟು 3 ಮಿ.ಮೀ. ಸೊಟ್ಟ ಇದ್ದದ್ದು. ಎಡ ತುದಿಯಲ್ಲಿ ಈ ತೊಂದರೆ ಬರಲಿಲ್ಲ. ಬುಡ ದಪ್ಪ, ತುದಿ ತೆಳು ಇರುವ ಹಾಗೆ ಕಟ್ಟು ಕತ್ತರಿಸಿ ಬೀಸಣಿಗೆಯಂತೆ ಹರಡಬೇಕು ಅನಿಸುತ್ತಿದೆ. ಅದನ್ನೇ ಮುಂದೆ ಮಾಡುವುದು.

ಬಲ ತುದಿಗೆ ರಟ್ಟು ಮುಚ್ಚಿ ಒಂದು ಪರೀಕ್ಷೆ ಮಾಡಿದೆ. ಈ ಮನೆಗಳು ಕಟ್ಟಿದಾಗ ಚಿಮಣಿ ಇರಲಿಲ್ಲ. ಹಾಲ್‌ನ ನೆಲದ ಮೇಲೇ ಬೆಂಕಿ. ಅಲ್ಲಿ ಒಂದು ಊದುಬತ್ತಿ ಹಚ್ಚಿಟ್ಟು ಹಿಂದಿನ ಗೋಡೆಯ ತೆಗೆದಿಟ್ಟ ಚೌಕದಿಂದ ಬಗ್ಗಿ ನೋಡಿದೆ. ಒಂದು ಬಾಗಿಲು ತೆರೆದಿದ್ದರೆ ಹೊಗೆ ಅಡ್ಡತೊಲೆಯ ಮೇಲೇ ನಿಲ್ಲುತ್ತದೆ. ಅದರ ಕೆಳಗೆ ಗಾಳಿ ತಿಳಿಯಾಗಿರುತ್ತದೆ. ನಿಧಾನವಾಗಿ ನೆತ್ತಿಯ ತುದಿಯ ಸಂದಿಯಿಂದ, ಹುಲ್ಲಿನ ಮೂಲಕ ಹೊರಗೆ ಹೋಗುತ್ತದೆ. ಎದುರುಬದುರಿನ ಎರಡೂ ಬಾಗಿಲು ತೆರೆದು ಊದಿದರೆ ಹೊಗೆಯೆಲ್ಲ ಕೆಳಗಿಳಿದು ನೆಲದ ತನಕ ಬರುತ್ತದೆ. ಹಾಲ್‌ಗೆ ಅಟ್ಟ ಯಾಕಿಲ್ಲ ಅಂತ ಬೇರೆ ಹೇಳಬೇಕಿಲ್ಲ. ಆಮೇಲಿನ ಕಾಲದಲ್ಲಿ ಇಟ್ಟಿಗೆ ಚಿಮಣಿ ಬಂದ ಮೇಲೆ ಇಂಥ ಹಾಲ್‌ಗಳಿಗೆ ನಡುವೆ ಅಟ್ಟ ಹಾಕಿದ್ದು ಜಾಸ್ತಿ.

ಖರ್ಚು: ಓಕ್ 14, ಬೀಚ್ 9, ಗರಗಸ 22, ಉಳಿ 11, ಸುಣ್ಣ 16, ನಾರು 8, ಪ್ಲೈವುಡ್ 12, ಬಿಟ್, ದಾರ, ಸೂಜಿ 9, ಹಾಲು 4. ಒಟ್ಟು 105 ಪೌಂಡ್. ಸೇಬಿನ ಕೊಂಬೆ, ಚಾಕ್, ಜೇಡಿಮಣ್ಣು, ಸಗಣಿ ಪುಕ್ಕಟೆ.

ಬಾಕಿ ಇರುವುದು: ಬಲ ಮೂಲೆಯ ಹುಲ್ಲು, ನೆತ್ತಿಯ ಹೊದಿಕೆ, ಮೇಲಂತಸ್ತಿನ ಹಲಗೆ. ಚಿಮಣಿ ಇಟ್ಟು ಈಗಿನ ಮನೆಯಂತೆ ಮಾಡುವುದೋ, ಬೇಡವೋ ಇನ್ನೂ ತೀರ್ಮಾನಿಸಿಲ್ಲ. ಇಟ್ಟರೆ ಅದು ಹಾದುಹೋಗುವ ಕಡೆ ಮೂರು ಜೊತೆ ಪಕಾಸಿ ಕತ್ತರಿಸಬೇಕು. ಗೂಟ ಹೊಡೆದು ನಿಲ್ಲಿಸಿದ್ದನ್ನು ಕೊಯ್ಯಲು ಮನಸ್ಸು ಬರುತ್ತಿಲ್ಲ.